ಹಡಗಿನ ವಿದ್ಯೆ ಕಲಿಸಿದ ಶಾಲೆ ಮತ್ತು ಹಳೆಯ ವಿದ್ಯಾರ್ಥಿಗಳ ಗೌರವ

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ, ಸಾಧನೆ ಮಾಡಿದ ಹಳೆಯ ವಿದ್ಯಾರ್ಥಿಗಳಿಗೆ ಶಾಲೆಯ ಹೆಸರಿನಲ್ಲಿ ವರ್ಷಕ್ಕೊಂದು ಪುರಸ್ಕಾರ ಕೊಟ್ಟರೆ ಹೇಗೆ ಎಂಬ ಮಾತನ್ನು ತಮ್ಮೆಲ್ಲರ ಮುಂದಿಡಬಯಸುತ್ತೇನೆ. ಯಾರಿಗೆ, ಯಾವುದಕ್ಕೆ ಎಂದು ಮೊದಲೇ ಯೋಚಿಸದಿದ್ದರೆ ಅದು ಶಾಲು, ಹಾರ, ಹಣ್ಣಿನ ಬುಟ್ಟಿಗೆ ಮುಗಿದುಹೋಗುತ್ತದೆ. ಇಂಥ ಪುರಸ್ಕಾರವನ್ನು ನಡೆಸಿಕೊಂಡು ಬಂದ ಒಂದು ಪುಟ್ಟ ಕಾಲೇಜಿನ ಇತಿಹಾಸ ಇಲ್ಲಿ ನಮ್ಮ ಉಪಯೋಗಕ್ಕೆ ಬರುತ್ತದೆ. ಅದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಬ್ ಇನ್‌ಸ್ಟಿಟ್ಯೂಟ್. ಪದವಿ ಹಂತದಲ್ಲಿ ಅಲ್ಲಿ ಕಲಿಸುವುದು ಒಂದೇ ವಿದ್ಯೆ: ಹಡಗಿನ ವಿನ್ಯಾಸ ಮತ್ತು ಅದರ ಎಂಜಿನಿಯರಿಂಗ್.

ಹಡಗಿಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಸಮುದ್ರ ನಮಗೆ ದೂರ, ನಿಜ. ಆದರೆ ನಂಜನಗೂಡನ್ನು ದಾಟಿ ಬರುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಗೆ ತಲಕಾಡಿನ ಹೊಳೆಯಲ್ಲಿ ಇಂದಿಗೂ ಹರಿಗೋಲು ತೇಲುತ್ತದೆ. ಬಿದಿರಿನ ದಬ್ಬೆ ಹೆಣೆದು, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆ, ಟಾರುಗಳನ್ನೂ ಬಳಸಿ ಮಾಡುವ ಈ ದುಂಡು ದೋಣಿಯನ್ನು 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಕಂಡು ವರ್ಣಿಸಿದ್ದಾನೆ. ತಳ ಅಗಲವಾಗಿರುವುದರಿಂದ ಅದು ಬಂಡೆಗಳ ನಡುವಿನ ತೆಳು ನೀರಿನಲ್ಲೂ ಸಾಗುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ ಎಂದು ನಾವು ಹೈಸ್ಕೂಲಿನಲ್ಲಿ ಓದಿದ ಆರ್ಕಿಮಿಡೀಸನ ತತ್ತ್ವವೇ ಹರಿಗೋಲಿಗೂ ಆಧಾರ, ಹಡಗಿಗೂ ಆಧಾರ.

ವೆಬ್ ಕಾಲೇಜನ್ನು ಕಟ್ಟಿದವನು ವಿಲಿಯಂ ಹೆನ್ರಿ ವೆಬ್ (1816–1899). ಅವನ ತಂದೆ ಐಸಾಕ್ ವೆಬ್ ನ್ಯೂಯಾರ್ಕಿನ ಹೆಸರಾಂತ ಹಡಗು ನಿರ್ಮಾಪಕ. ಮಗ ಹದಿಹರೆಯದಲ್ಲೇ ತಂದೆಯ ಹಡಗುಕಟ್ಟೆಯಲ್ಲಿ ಕೆಲಸ ಕಲಿತ. 1840ರಲ್ಲಿ ತಂದೆ ತೀರಿಕೊಂಡಾಗ ಹೊಣೆ ಹೊತ್ತ. ನೂರಕ್ಕೂ ಹೆಚ್ಚು ಹಡಗುಗಳನ್ನು ಕಟ್ಟಿದ. 1853ರ ‘ಯಂಗ್ ಅಮೆರಿಕ’ ಎಂಬ ವೇಗದ ಹಾಯಿಹಡಗು ಅವನದೇ. ರಷ್ಯಾದ ನೌಕಾಪಡೆಗೂ ಒಂದು ಯುದ್ಧನೌಕೆ ಕಟ್ಟಿಕೊಟ್ಟ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಮರದ ಹಡಗಿನ ಕಾಲ ಇಳಿಮುಖವಾಗಿ ಕಬ್ಬಿಣ ಮತ್ತು ಉಗಿಯಂತ್ರದ ಕಾಲ ಬಂತು. ಕಣ್ಣಳತೆ, ಕೈಪಳಗಿಕೆ ಇಷ್ಟೇ ಸಾಲದಾಯಿತು. ಗಣಿತ, ವಿಜ್ಞಾನ ಬೇಕಾದವು. ಇತ್ತ ಜೀವನವಿಡೀ ಮರ ಕೊಯ್ದು, ಹಲಗೆ ಜೋಡಿಸಿದ ಕೆಲಸಗಾರರು ಮುಪ್ಪಿನಲ್ಲಿ ಆಸರೆ ಹುಡುಕಬೇಕಾಯಿತು.

ವೆಬ್ ಈ ಎರಡಕ್ಕೂ ಒಂದೇ ಪರಿಹಾರ ಕಂಡುಕೊಂಡ. 1889ರಲ್ಲಿ ಸ್ಥಾಪಿಸಿದ ಸಂಸ್ಥೆಗೆ ‘ವೆಬ್ಸ್ ಅಕಾಡೆಮಿ ಆ್ಯಂಡ್ ಹೋಮ್ ಫಾರ್ ಶಿಪ್‌ಬಿಲ್ಡರ್ಸ್’ ಎಂದು ಹೆಸರಿಟ್ಟ. ಅಲ್ಲಿ ಬಡ ಹುಡುಗರಿಗೆ ಶುಲ್ಕವಿಲ್ಲದೆ ಹಡಗಿನ ವಿದ್ಯೆ. ದಿಕ್ಕಿಲ್ಲದ ಹಿರಿಯ ಹಡಗು ಕೆಲಸಗಾರರಿಗೆ ಮತ್ತು ಅವರ ಪತ್ನಿಯರಿಗೆ ನೆಲೆ. ಕಲಿಯುವ ಎಳೆಯರೂ ಕೆಲಸದಲ್ಲಿ ಸವೆದ ಹಿರಿಯರೂ ಒಂದೇ ಸೂರಿನಡಿ ಬಾಳಿದರು. 1947ರಲ್ಲಿ ಕಾಲೇಜು ಲಾಂಗ್ ಐಲೆಂಡಿನ ಗ್ಲೆನ್ ಕೋವ್‌ಗೆ ಹೋಯಿತು. ಅಲ್ಲಿರುವ ವಿದ್ಯಾರ್ಥಿಗಳು ಸುಮಾರು ನೂರು ಮಂದಿ ಮಾತ್ರ. ಆ ದೇಶದ ವಿದ್ಯಾರ್ಥಿಗಳಿಗೆ ಇಂದಿಗೂ ಬೋಧನಾ ಶುಲ್ಕವಿಲ್ಲ. ಪ್ರತಿ ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ಎಲ್ಲರೂ ಹಡಗುಕಟ್ಟೆಯಲ್ಲೋ, ಹಡಗಿನಲ್ಲೋ, ವಿನ್ಯಾಸ ಕಚೇರಿಯಲ್ಲೋ ದುಡಿದು ಕಲಿಯಬೇಕು.

ಈ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ, ಸಾಧನೆ ಮಾಡಿದ ತಮ್ಮವರಿಗೆ ‘ವಿಲಿಯಂ ಸೆಲ್ಕಿರ್ಕ್ ಓವೆನ್ ಪುರಸ್ಕಾರ’ ಕೊಡುತ್ತದೆ. ಅದನ್ನು ಪಡೆದವರೂ ಕೊಟ್ಟವರೂ ಒಂದೇ ಅನ್ನದ ಋಣದವರು. ತನ್ನನ್ನು ಬಿಟ್ಟಿಯಾಗಿ ಓದಿಸಿದ ಮನೆಯಲ್ಲಿ ನಿಂತು ಗೌರವ ಪಡೆಯುವಾಗ ‘ಇದೆಲ್ಲ ನನ್ನದೇ ದುಡಿಮೆ’ ಎಂದು ಎದೆ ತಟ್ಟಿಕೊಳ್ಳಲು ಯಾರಿಗೂ ಬಾಯಿ ಬರುವುದಿಲ್ಲ. ಅಂಥ ಪುರಸ್ಕಾರದ ತೂಕ ಇರುವುದು ಇಲ್ಲಿ.

ನಮ್ಮದೂ ಅದೇ ಋಣ. ನನ್ನ ಬಿಇ ಪದವಿಗೆ, ಇಂದಿನ ಸಾಫ್ಟ್‌ವೇರ್ ಕೆಲಸಕ್ಕೆ ಅಡಿಪಾಯ ಹಾಕಿದ್ದು ಈ ಸರ್ಕಾರಿ ಪ್ರೌಢಶಾಲೆ. ಇದರ ಖರ್ಚು ಹೊತ್ತವರು ಈ ನಾಡಿನ ರೈತರು, ಕೂಲಿಯವರು, ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟಿದ ಜನ. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಹಳೆಯ ಕಲ್ಲು ಸೇತುವೆಯ ಮಾತು ಬಂದರೆ ದಳವಾಯಿ ದೇವರಾಜಯ್ಯನವರನ್ನು ನೆನೆಯುತ್ತೇವೆ. ಕಲ್ಲು ಹೊತ್ತವರ ಹೆಸರು ನಮ್ಮ ನಾಲಿಗೆಯಲ್ಲಿಲ್ಲ. ಶಾಲೆಯ ವಿಷಯದಲ್ಲೂ ಹೀಗಾಗಬಾರದು.

ಆದ್ದರಿಂದ ನಮ್ಮ ಪುರಸ್ಕಾರಕ್ಕೆ ಮೂರು ಕಟ್ಟಳೆ ಇರಲಿ ಎಂಬುದು ನನ್ನ ವಿನಂತಿ. ಒಂದು, ಸಂಬಳ, ಹುದ್ದೆ, ವಿದೇಶವಾಸ ನೋಡದೆ ಕೆಲಸವನ್ನು ನೋಡಬೇಕು. ಊರಲ್ಲೇ ಉಳಿದು ಒಳ್ಳೆಯ ಬೇಸಾಯ ಮಾಡಿದವರಿಗೂ, ಅಂಗನವಾಡಿಯಲ್ಲಿ ಮಕ್ಕಳನ್ನು ಬೆಳೆಸಿದವರಿಗೂ ಅದು ಸಲ್ಲಬೇಕು. ಎರಡು, ಅದೇ ವೇದಿಕೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕರಿಗೋ, ಗಂಟೆ ಹೊಡೆದ ಜವಾನರಿಗೋ, ಬಿಸಿಯೂಟ ಬಡಿಸಿದ ತಾಯಿಗೋ ಗೌರವ ಸಲ್ಲಬೇಕು. ಮೂರು, ಪುರಸ್ಕಾರ ಪಡೆದವರು ಆ ವರ್ಷ ಹತ್ತನೆಯ ತರಗತಿಯ ಮಕ್ಕಳೊಡನೆ ಒಂದು ದಿನ ಕಳೆದು ತಮ್ಮ ಕೆಲಸವನ್ನು ಕಲಿಸಬೇಕು.

ಮೂರನೆಯದಕ್ಕೆ ಕಾರಣವಿದೆ. ಹಡಗಿನ ವಿನ್ಯಾಸವನ್ನು ನಮ್ಮ ದೇಶದಲ್ಲೂ ಕಲಿಸುತ್ತಾರೆ. ಖರಗಪುರದ ಐಐಟಿಯಲ್ಲಿ ಈ ವಿದ್ಯೆ 1952ರಿಂದ ಇದೆ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲೂ ಇದೆ. ನಮ್ಮ ಮಲ್ಪೆಯಲ್ಲೇ ಹಡಗು ಕಟ್ಟುತ್ತಾರೆ. ಎಂಜಿನಿಯರಿಂಗ್ ಎಂದರೆ ಕಂಪ್ಯೂಟರ್ ಒಂದೇ ಎಂದುಕೊಂಡಿರುವ ಹೊಳೆದಂಡೆಯ ಮಗುವಿಗೆ ಇದನ್ನು ಯಾರಾದರೂ ಹೇಳಬೇಕಲ್ಲ? ಹಾಗೆ ಹೇಳುವವರು ವರ್ಷಕ್ಕೊಬ್ಬರು ಶಾಲೆಯ ಗೇಟು ದಾಟಿ ಒಳಬಂದರೆ ನಮ್ಮ ಪುರಸ್ಕಾರ ಸಾರ್ಥಕ.