ಮಾರ್ಚ್ ಫಾರ್ ಅವರ್ ಲೈವ್ಸ್: ಬಂದೂಕಿನ ವಿರುದ್ಧ ಬೀದಿಗಿಳಿದ ಅಮೆರಿಕದ ಶಾಲಾ ಮಕ್ಕಳು

2018ರ ಫೆಬ್ರವರಿ 14. ಅಮೆರಿಕದ ಫ್ಲೋರಿಡಾ ರಾಜ್ಯದ ಪಾರ್ಕ್‌ಲ್ಯಾಂಡ್‌ನ ಮಾರ್ಜರಿ ಸ್ಟೋನ್‌ಮನ್ ಡಗ್ಲಾಸ್ ಹೈಸ್ಕೂಲ್‌ನಲ್ಲಿ ಕೊನೆಯ ಪೀರಿಯಡ್ ಮುಗಿಯುತ್ತಾ ಬಂದಿತ್ತು. ಅದೇ ಶಾಲೆಯಲ್ಲಿ ಹಿಂದೆ ಕಲಿತಿದ್ದ 19 ವರ್ಷದ ಯುವಕನೊಬ್ಬ ಎಆರ್-15 ಮಾದರಿಯ ರೈಫಲ್ ಹಿಡಿದು ಒಳಗೆ ನುಗ್ಗಿದ. ಕೆಲವೇ ನಿಮಿಷಗಳಲ್ಲಿ 14 ವಿದ್ಯಾರ್ಥಿಗಳು ಮತ್ತು ಮೂವರು ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಇನ್ನೂ 17 ಮಂದಿ ಗಾಯಗೊಂಡರು. ಆ ರೈಫಲ್ ಕದ್ದ ಮಾಲಲ್ಲ, ಕಾನೂನು ಪ್ರಕಾರವೇ ಅಂಗಡಿಯಿಂದ ಕೊಂಡದ್ದು.

ಅಮೆರಿಕಕ್ಕೆ ಇಂತಹ ಸುದ್ದಿ ಹೊಸದಲ್ಲ. 1999ರಲ್ಲಿ ಕೊಲಂಬೈನ್, 2012ರಲ್ಲಿ ಸ್ಯಾಂಡಿ ಹುಕ್. ಪ್ರತಿ ಸಲವೂ ಮೇಣದ ಬತ್ತಿ, ಸಂತಾಪ, ಎರಡು ವಾರ ಟಿವಿ ಚರ್ಚೆ, ಮತ್ತೆ ಮೌನ. ಈ ಸಲ ಮಾತ್ರ ಬೆಂಚಿನಡಿ ಅಡಗಿ ಜೀವ ಉಳಿಸಿಕೊಂಡ ಮಕ್ಕಳೇ ಮೈಕ್ ಹಿಡಿದರು.

ಅಲ್ಲಿ ಬಂದೂಕು ಅಷ್ಟು ಸುಲಭ ಯಾಕೆ?

ನಮ್ಮ ಕರಾವಳಿಯಲ್ಲಿ ತೋಟ ಕಾಯಲು ಕೋವಿ ಇಟ್ಟುಕೊಂಡ ಮನೆಯವರನ್ನು ಕೇಳಿ ನೋಡಿ. ಲೈಸೆನ್ಸ್‌ಗೆ ಅರ್ಜಿ, ಪೊಲೀಸ್ ವರದಿ, ನವೀಕರಣ, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕು ಹಕ್ಕಲ್ಲ, ಸರಕಾರ ಕೊಡುವ ಅನುಮತಿ.

ಅಮೆರಿಕದಲ್ಲಿ ಲೆಕ್ಕ ಉಲ್ಟಾ. 1791ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೇ ತಿದ್ದುಪಡಿ ಆಯುಧ ಹೊಂದುವ ಹಕ್ಕಿನ ಬಗ್ಗೆ ಹೇಳುತ್ತದೆ. ಇದು ವ್ಯಕ್ತಿಗತ ಹಕ್ಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆಯ 2018ರ ಅಂದಾಜಿನಂತೆ ಅಲ್ಲಿ ಸಾಮಾನ್ಯ ಜನರ ಕೈಯಲ್ಲಿ ಸುಮಾರು 39.3 ಕೋಟಿ ಬಂದೂಕುಗಳಿವೆ. ಅಂದರೆ 100 ಜನರಿಗೆ 120. ಯುದ್ಧದ ರೈಫಲ್‌ಗಳನ್ನು ಹೋಲುವ ಬಂದೂಕುಗಳ ಮಾರಾಟಕ್ಕೆ 1994ರಲ್ಲಿ ನಿಷೇಧ ಬಂದಿತ್ತು, ಆದರೆ 2004ರಲ್ಲಿ ಅದರ ಅವಧಿ ಮುಗಿದಾಗ ಸಂಸತ್ತು ಮುಂದುವರಿಸಲಿಲ್ಲ. ಇದರ ಹಿಂದೆ 1871ರಲ್ಲಿ ಹುಟ್ಟಿದ ನ್ಯಾಷನಲ್ ರೈಫಲ್ ಅಸೋಸಿಯೇಷನ್ (ಎನ್‌ಆರ್‌ಎ) ಎಂಬ ಬಲಿಷ್ಠ ಸಂಘಟನೆಯ ಒತ್ತಡವೂ ಇದೆ.

ಮೊದಲ ನಲವತ್ತು ದಿನ

ಅಮೆರಿಕದ ಹೈಸ್ಕೂಲ್ ಅಂದರೆ ನಮ್ಮ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ. ಇದರ ಮುಂದಾಳುಗಳೆಲ್ಲ ಆ ವಯಸ್ಸಿನವರೇ. ಕ್ಯಾಮರೂನ್ ಕ್ಯಾಸ್ಕಿ ಮತ್ತು ಅಲೆಕ್ಸ್ ವಿಂಡ್ ನಾಟಕ ತಂಡದ ಹುಡುಗರು. ಡೇವಿಡ್ ಹಾಗ್ ಶಾಲೆಯ ವಿದ್ಯಾರ್ಥಿ ಟಿವಿಯಲ್ಲಿ ವರದಿಗಾರ. ಜಾಕ್ಲಿನ್ ಕೋರಿನ್ ತರಗತಿಯ ಅಧ್ಯಕ್ಷೆ.

ಫೆಬ್ರವರಿ 17ರಂದು, ಘಟನೆಯ ಮೂರನೇ ದಿನ, ಫೋರ್ಟ್ ಲಾಡರ್‌ಡೇಲ್‌ನ ಸಭೆಯಲ್ಲಿ ಎಮ್ಮಾ ಗೊನ್ಸಾಲೆಸ್ (ಈಗಿನ ಹೆಸರು ಎಕ್ಸ್ ಗೊನ್ಸಾಲೆಸ್) ಕಣ್ಣೀರು ಒರೆಸುತ್ತಲೇ ಮಾತಾಡಿದರು. ಏನೂ ಮಾಡಲಾಗದು ಎನ್ನುವ ರಾಜಕಾರಣಿಗಳ ಒಂದೊಂದೇ ವಾದವನ್ನು ಎತ್ತಿ, ಇದೆಲ್ಲ ಬೊಗಳೆ ಅಂತ ಸಾರಿದ ಆ ಭಾಷಣ ಜಗತ್ತಿಡೀ ಹರಿದಾಡಿತು.

ಫೆಬ್ರವರಿ 20ರಂದು ಸುಮಾರು 100 ವಿದ್ಯಾರ್ಥಿಗಳು ಬಸ್ ಹತ್ತಿ ರಾಜಧಾನಿ ಟಾಲಹಾಸಿಗೆ ಹೊರಟರು. ಅವರಿನ್ನೂ ದಾರಿಯಲ್ಲಿರುವಾಗಲೇ, ಇಂತಹ ರೈಫಲ್‌ಗಳ ನಿಷೇಧ ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳುವ ಪ್ರಸ್ತಾಪವನ್ನು ರಾಜ್ಯದ ಕೆಳಮನೆ 71-36 ಮತಗಳಿಂದ ತಳ್ಳಿಹಾಕಿತು. ಮಕ್ಕಳು ವಾಪಸ್ ಬರಲಿಲ್ಲ, ಮರುದಿನ ಶಾಸಕರನ್ನು ಭೇಟಿ ಮಾಡಿ ಪ್ರಶ್ನೆ ಕೇಳಿದರು. ಅದೇ ರಾತ್ರಿ ಟಿವಿಯಲ್ಲಿ ನೇರ ಪ್ರಸಾರವಾದ ಸಭೆಯಲ್ಲಿ, ಇನ್ನು ಮುಂದೆ ಎನ್‌ಆರ್‌ಎ ಹಣ ಬೇಡ ಅನ್ನುತ್ತೀರಾ ಎಂದು ಕ್ಯಾಸ್ಕಿ ಸೆನೆಟರ್ ಮಾರ್ಕೊ ರೂಬಿಯೊ ಅವರನ್ನು ಕೇಳಿದ. ರೂಬಿಯೊ ಒಪ್ಪಲಿಲ್ಲ.

ಮಾರ್ಚ್ 14ರಂದು ದೇಶದ ಸಾವಿರಾರು ಶಾಲೆಗಳ ಮಕ್ಕಳು 17 ನಿಮಿಷ ತರಗತಿಯಿಂದ ಹೊರಬಂದು ನಿಂತರು. ಸತ್ತ ಒಬ್ಬೊಬ್ಬರಿಗೆ ಒಂದೊಂದು ನಿಮಿಷ.

ಮಾರ್ಚ್ 24ರಂದು ವಾಷಿಂಗ್ಟನ್‌ನಲ್ಲಿ 'ಮಾರ್ಚ್ ಫಾರ್ ಅವರ್ ಲೈವ್ಸ್', ಅಂದರೆ ನಮ್ಮ ಜೀವಕ್ಕಾಗಿ ನಡಿಗೆ. ಅಲ್ಲಿ ಸೇರಿದವರ ಅಂದಾಜು 2 ಲಕ್ಷದಿಂದ 8 ಲಕ್ಷದವರೆಗೆ ಇದೆ. ಅದೇ ದಿನ ಅಮೆರಿಕ ಹಾಗೂ ಹೊರದೇಶಗಳ 800ಕ್ಕೂ ಹೆಚ್ಚು ಕಡೆ ಜನ ಸೇರಿದರು. ಗೊನ್ಸಾಲೆಸ್ ವೇದಿಕೆಯಲ್ಲಿ 17 ಜನರ ಹೆಸರು ಹೇಳಿ ಸುಮ್ಮನೆ ನಿಂತುಬಿಟ್ಟರು. ವೇದಿಕೆ ಹತ್ತಿ 6 ನಿಮಿಷ 20 ಸೆಕೆಂಡ್ ಆದಾಗ ಗಡಿಯಾರ ಸದ್ದು ಮಾಡಿತು. ಹಂತಕನಿಗೆ ಬೇಕಾದ ಸಮಯ ಅಷ್ಟೇ ಎಂದು ಆಮೇಲೆ ತಿಳಿಸಿದರು.

ಅವರು ಕೇಳಿದ್ದೇನು?

ಎಲ್ಲರ ಕೈಯಿಂದಲೂ ಬಂದೂಕು ಕಿತ್ತುಕೊಳ್ಳಿ ಎಂದು ಇವರು ಕೇಳಿರಲಿಲ್ಲ. ಬೇಡಿಕೆಗಳು ಐದು:

1. ಯಾರೇ ಬಂದೂಕು ಕೊಂಡರೂ ಮೊದಲು ಹಿನ್ನೆಲೆ ಪರಿಶೀಲನೆ ಆಗಬೇಕು.
2. ಬಂದೂಕು ಮಾರಾಟದ ದಾಖಲೆಗಳನ್ನು ಕಂಪ್ಯೂಟರೀಕರಣ ಮಾಡಬೇಕು.
3. ಬಂದೂಕು ಹಿಂಸೆಯ ಬಗ್ಗೆ ಆರೋಗ್ಯ ಸಂಶೋಧನೆಗೆ ಹಣ ಕೊಡಬೇಕು.
4. ಹೆಚ್ಚು ಗುಂಡು ತುಂಬುವ ಮ್ಯಾಗಝಿನ್‌ಗಳನ್ನು ನಿಷೇಧಿಸಬೇಕು.
5. ಎಆರ್-15ನಂತಹ ರೈಫಲ್‌ಗಳನ್ನು ನಿಷೇಧಿಸಬೇಕು.

ಸುಳ್ಳು ಸುದ್ದಿಯ ದಾಳಿ

ಮಕ್ಕಳು ಬಾಯಿ ತೆರೆದದ್ದೇ ತಡ, ಇವರು ವಿದ್ಯಾರ್ಥಿಗಳೇ ಅಲ್ಲ, ದುಡ್ಡು ಕೊಟ್ಟು ಕರೆತಂದ ನಟರು ಎಂಬ ಪೋಸ್ಟ್‌ಗಳು ಹರಿದಾಡಿದವು. ಇದನ್ನೇ ಹೇಳಿದ ಫ್ಲೋರಿಡಾದ ಶಾಸಕರೊಬ್ಬರ ಸಹಾಯಕ ಕೆಲಸ ಕಳೆದುಕೊಂಡ. ಗೊನ್ಸಾಲೆಸ್ ಶೂಟಿಂಗ್ ಅಭ್ಯಾಸದ ಗುರಿಹಲಗೆಯ ಚಿತ್ರವನ್ನು ಹರಿಯುವ ಫೋಟೊವನ್ನು ತಿರುಚಿ, ಸಂವಿಧಾನವನ್ನೇ ಹರಿದರು ಎಂದು ಹಂಚಲಾಯಿತು. ಫಾರ್ವರ್ಡ್ ಬಂದದ್ದನ್ನೆಲ್ಲ ನಂಬುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಕಪ್ಪು ವರ್ಣದ ಮಕ್ಕಳ ಪ್ರಶ್ನೆ

ಪಾರ್ಕ್‌ಲ್ಯಾಂಡ್ ಅನುಕೂಲಸ್ಥರ ಊರು, ಬಿಳಿಯರೇ ಹೆಚ್ಚು. ಶಿಕಾಗೊ, ಲಾಸ್ ಏಂಜಲಿಸ್‌ನ ಬಡ ಬಡಾವಣೆಗಳಲ್ಲಿ ಮಕ್ಕಳು ವರ್ಷವಿಡೀ ಗುಂಡಿಗೆ ಬಲಿಯಾಗುವಾಗ ಕ್ಯಾಮರಾ ಎಲ್ಲಿತ್ತು? ಈ ಪ್ರಶ್ನೆ ಬಂದೇ ಬಂತು. ಪಾರ್ಕ್‌ಲ್ಯಾಂಡ್ ಮಕ್ಕಳು ಅದನ್ನು ತಳ್ಳಿಹಾಕಲಿಲ್ಲ. ಶಿಕಾಗೊದ ಯುವಕರನ್ನು ಕರೆದು ಮಾತಾಡಿದರು, ವೇದಿಕೆಯನ್ನೂ ಹಂಚಿಕೊಂಡರು. ವರ್ಜೀನಿಯಾದ 11 ವರ್ಷದ ನವೋಮಿ ವಾಡ್ಲರ್ ತನ್ನ ಶಾಲೆಯಲ್ಲಿ 17ರ ಬದಲು 18 ನಿಮಿಷ ಹೊರಗೆ ನಿಲ್ಲಿಸಿದ್ದಳು. ಆ ಹೆಚ್ಚುವರಿ ನಿಮಿಷ ಅಲಬಾಮಾದ ಶಾಲೆಯೊಂದರಲ್ಲಿ ಗುಂಡಿಗೆ ಬಲಿಯಾದ ಕಪ್ಪು ವರ್ಣದ ಹುಡುಗಿಗಾಗಿ. ಪತ್ರಿಕೆಗಳ ಮುಖಪುಟಕ್ಕೆ ಬಾರದ ಅಂತಹ ಹುಡುಗಿಯರ ಪರವಾಗಿ ಆಕೆ ವಾಷಿಂಗ್ಟನ್‌ನಲ್ಲಿ ಮಾತಾಡಿದಳು.

ಗೆದ್ದದ್ದೆಷ್ಟು, ಸೋತದ್ದೆಷ್ಟು?

ದಾಳಿ ನಡೆದ ಒಂದು ತಿಂಗಳೊಳಗೆ, ಮಾರ್ಚ್ 9ರಂದು, ರಿಪಬ್ಲಿಕನ್ ಪಕ್ಷದ ಗವರ್ನರ್ ರಿಕ್ ಸ್ಕಾಟ್ ಶಾಲೆಯ ಹೆಸರಿನ ಕಾಯ್ದೆಗೆ ಸಹಿ ಹಾಕಿದರು. ರೈಫಲ್ ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು, ಕೊಂಡವರು ಮೂರು ದಿನ ಕಾಯಬೇಕಾಯಿತು. ಅಪಾಯಕಾರಿ ವ್ಯಕ್ತಿಯ ಬಂದೂಕನ್ನು ಕೋರ್ಟ್ ಆದೇಶದ ಮೂಲಕ ತೆಗೆದಿಡುವ 'ರೆಡ್ ಫ್ಲ್ಯಾಗ್' ವ್ಯವಸ್ಥೆಯೂ ಬಂತು. ಪಾರ್ಕ್‌ಲ್ಯಾಂಡ್‌ಗೆ ಮೊದಲು ಐದು ರಾಜ್ಯಗಳಲ್ಲಿದ್ದ ಈ ವ್ಯವಸ್ಥೆ ಈಗ 20ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಆದರೆ ಶಾಲಾ ಸಿಬ್ಬಂದಿಯ ಕೈಗೇ ಬಂದೂಕು ಕೊಡುವ ಅವಕಾಶವೂ ಅದೇ ಕಾಯ್ದೆಯಲ್ಲಿತ್ತು. ಮಕ್ಕಳು ಇದನ್ನು ಕೇಳಿರಲಿಲ್ಲ, ವಿರೋಧಿಸಿದ್ದರು.

ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಅಂಗಡಿ ಸರಣಿ ಇಂತಹ ರೈಫಲ್‌ಗಳ ಮಾರಾಟ ನಿಲ್ಲಿಸಿತು. ಸಂಶೋಧನೆಗೆ 2019ರ ಕೊನೆಯಲ್ಲಿ ಕೇಂದ್ರ ಸಂಸತ್ತು 2.5 ಕೋಟಿ ಡಾಲರ್ ಕೊಟ್ಟಿತು. 2018ರ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ಬಸ್‌ನಲ್ಲಿ ಊರೂರು ಸುತ್ತಿ ಯುವಕರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿದರು. 18ರಿಂದ 29 ವಯಸ್ಸಿನವರ ಮತದಾನ 2014ರಲ್ಲಿ ಶೇ. 20 ಇದ್ದದ್ದು ಆ ವರ್ಷ ಶೇ. 36ಕ್ಕೆ ಏರಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇವರ ದುಡಿಮೆಯನ್ನು ಮರೆಯುವಂತಿಲ್ಲ. ಚಳವಳಿಯಲ್ಲಿ ಸಂಘಟಕನಾಗಿದ್ದ ಮ್ಯಾಕ್ಸ್‌ವೆಲ್ ಫ್ರಾಸ್ಟ್ 2022ರಲ್ಲಿ 25ನೇ ವಯಸ್ಸಿಗೇ ಸಂಸದರಾದರು.

ಸೋಲಿನ ಪಟ್ಟಿಯೂ ಸಣ್ಣದಲ್ಲ. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿಯಲ್ಲಿ 19 ಪುಟ್ಟ ಮಕ್ಕಳು, ಇಬ್ಬರು ಶಿಕ್ಷಕಿಯರು ಬಲಿಯಾದರು. ಜೂನ್ 11ರಂದು ಮತ್ತೆ ನಡಿಗೆ. ಜೂನ್ 25ರಂದು ಕೇಂದ್ರದಲ್ಲಿ ಎರಡೂ ಪಕ್ಷಗಳು ಸೇರಿ ಒಂದು ಕಾನೂನು ತಂದವು: 21ಕ್ಕಿಂತ ಕೆಳಗಿನ ವಯಸ್ಸಿನವರಿಗೆ ಬಿಗಿ ಪರಿಶೀಲನೆ, ರೆಡ್ ಫ್ಲ್ಯಾಗ್ ವ್ಯವಸ್ಥೆಗೆ ಹಣ. ಸುಮಾರು 30 ವರ್ಷಗಳಲ್ಲಿ ಬಂದ ಮೊದಲ ದೊಡ್ಡ ಕಾನೂನು ಅದು. ರೈಫಲ್ ನಿಷೇಧ ಮಾತ್ರ ಇಂದಿಗೂ ಆಗಿಲ್ಲ. 2022ರ ಜುಲೈಯಲ್ಲಿ ಕೆಳಮನೆ 217-213ರಿಂದ ಒಪ್ಪಿದರೂ ಸೆನೆಟ್‌ನಲ್ಲಿ ದಾಟಲಿಲ್ಲ. 2020ರಿಂದ ಅಮೆರಿಕದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಬಂದೂಕೇ ಮೊದಲ ಕಾರಣವಾಗಿದೆ.

ಪಾರ್ಕ್‌ಲ್ಯಾಂಡ್‌ನ ಆ ಕಟ್ಟಡವನ್ನು ಸಾಕ್ಷ್ಯಕ್ಕಾಗಿ ವರ್ಷಗಟ್ಟಲೆ ಹಾಗೆಯೇ ಉಳಿಸಿಕೊಂಡಿದ್ದರು. ಹಂತಕನಿಗೆ 2022ರಲ್ಲಿ ಜೀವಾವಧಿ ಶಿಕ್ಷೆಯಾಯಿತು, 2024ರ ಜೂನ್‌ನಲ್ಲಿ ಕಟ್ಟಡ ಕೆಡಹುವ ಕೆಲಸ ಶುರುವಾಯಿತು. ವಯಸ್ಸನ್ನು 21ಕ್ಕೆ ಏರಿಸಿದ ಕಾನೂನಿನ ವಿರುದ್ಧ ಸಹಿ ಬಿದ್ದ ದಿನವೇ ಎನ್‌ಆರ್‌ಎ ಕೋರ್ಟಿಗೆ ಹೋಗಿತ್ತು. ಏಳು ವರ್ಷದ ಬಳಿಕ, 2025ರ ಮಾರ್ಚ್‌ನಲ್ಲಿ, ಮೇಲ್ಮನವಿ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ಅಂದು ಬಸ್ ಹತ್ತಿ ಹೊರಟ ಮಕ್ಕಳು ಆ ಹೊತ್ತಿಗೆ ಕಾಲೇಜು ಮುಗಿಸುವ ವಯಸ್ಸು ದಾಟಿದ್ದರು.