ಗೆದ್ದ ಹೊಯ್ಸಳ, ಸೋತ ಚೋಳ: ಒಂದು ಅಧ್ಯಯನದ ಹಾದಿ

ವಿಷ್ಣುವರ್ಧನನು 1116ರ ಸುಮಾರಿಗೆ ಚೋಳರ ಸಾಮಂತ ಅದಿಯಮನನ್ನು ಸೋಲಿಸಿ ತಲಕಾಡನ್ನು ವಶಪಡಿಸಿಕೊಂಡ. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಗಂಗವಾಡಿಯಲ್ಲಿ ಶತಮಾನ ಮೀರಿ ನಿಂತಿದ್ದ ಚೋಳರ ಆಳ್ವಿಕೆ ಅಲ್ಲಿಗೆ ಕೊನೆಗೊಂಡಿತು. ಚೋಳರ ಜೊತೆಗಿನ ನಂಟು ಮಾತ್ರ ಬೇರೆ ರೂಪದಲ್ಲಿ ಮುಂದುವರಿಯಿತು.

ಈ ಅಧ್ಯಯನಕ್ಕೆ ತಳಪಾಯ ಹಾಕಿದವರು ಬಿ.ಎಲ್. ರೈಸ್. ಹಾಸನ ಜಿಲ್ಲೆಯ ಶಾಸನಗಳನ್ನೊಳಗೊಂಡ ಅವರ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ 1902ರಲ್ಲಿ ಹೊರಬಂತು. 'ತಲಕಾಡುಗೊಂಡ'ನಂಥ ಬಿರುದುಗಳು ಕಾಣುವ ಈ ಶಾಸನಗಳಲ್ಲಿ ಗೆಲುವಿನ ದನಿಯೇ ಜೋರು. ಹೆಚ್ಚುಕಡಿಮೆ ಅದೇ ವೇಳೆಗೆ ಹುಲ್ಟ್ಜ್ ಪ್ರಕಟಿಸಿದ ತಿರುವೇಂದಿಪುರಂ ತಮಿಳು ಶಾಸನ ಇನ್ನೊಂದು ಮುಖವನ್ನು ತೋರಿಸಿತು. ಕಾಡವ ದೊರೆ ಕೋಪ್ಪೆರುಂಜಿಂಗ ಚೋಳ ಮೂರನೆಯ ರಾಜರಾಜನನ್ನು ಸೇಂದಮಂಗಲದಲ್ಲಿ ಸೆರೆಯಿಟ್ಟಿದ್ದ. ಇಮ್ಮಡಿ ನರಸಿಂಹನ ದಂಡನಾಯಕರಾದ ಅಪ್ಪಣ್ಣ ಮತ್ತು ಸಮುದ್ರ ಗೋಪಯ್ಯ 1231ರ ಸುಮಾರಿಗೆ ಅವನನ್ನು ಬಿಡಿಸಿ ತಂದರು. 'ಚೋಳರಾಜ್ಯ ಪ್ರತಿಷ್ಠಾಚಾರ್ಯ' ಎಂಬ ಹೊಯ್ಸಳ ಬಿರುದು ಬರೀ ಹೊಗಳಿಕೆಯಲ್ಲ ಎಂಬುದಕ್ಕೆ ಹೀಗೆ ಚೋಳನಾಡಿನಿಂದಲೇ ಸಾಕ್ಷಿ ಸಿಕ್ಕಿತು.

ಮುಂದಿನದು ಸಮಗ್ರ ಚರಿತ್ರೆಗಳ ಕಾಲ. 1935–37ರಲ್ಲಿ ಕೆ.ಎ. ನೀಲಕಂಠ ಶಾಸ್ತ್ರಿಗಳು ಚೋಳರ ಕಡೆಯಿಂದ, 1950ರಲ್ಲಿ ವಿಲಿಯಂ ಕೊಯೆಲೊ ಮತ್ತು 1957ರಲ್ಲಿ ಡೆರೆಟ್ ಹೊಯ್ಸಳರ ಕಡೆಯಿಂದ ಬರೆದರು. ಮೂರೂ ಕೃತಿಗಳನ್ನು ಒಟ್ಟಿಗಿಟ್ಟು ಓದಿದರೆ ನಂಟಿನ ಲೆಕ್ಕಾಚಾರ ತಿಳಿಯುತ್ತದೆ. ಇಮ್ಮಡಿ ಬಲ್ಲಾಳನ ರಾಣಿಯರಲ್ಲಿ ಒಬ್ಬಳು ಚೋಳಮಹಾದೇವಿ. ಪಾಂಡ್ಯರು ಬಲಿಯುತ್ತಿದ್ದಾಗ ದುರ್ಬಲ ಚೋಳನೊಬ್ಬ ನಡುವೆ ಉಳಿಯುವುದು ದೋರಸಮುದ್ರಕ್ಕೆ ಲಾಭವೇ ಆಗಿತ್ತು. ಆದರೆ ರಕ್ಷಣೆಗೆಂದು ಹೋದವರು ಅಲ್ಲೇ ನೆಲೆಯೂರಿದರು. ಸೋಮೇಶ್ವರ ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ನಿಂತ. ಅವನ ನಂತರ ರಾಜ್ಯವೇ ಹೋಳಾಗಿ ತಮಿಳು ಭಾಗ ಮಗ ರಾಮನಾಥನ ಪಾಲಾಯಿತು.

 

ಇತ್ತ ಶಿಲ್ಪದ ಅಧ್ಯಯನ ತನ್ನದೇ ದಾರಿ ಹಿಡಿಯಿತು. ಆರ್. ನರಸಿಂಹಾಚಾರ್ ಬೇಲೂರಿನ ಕೇಶವ ದೇವಾಲಯದ ಬಗ್ಗೆ 1919ರಲ್ಲಿ, ಷ. ಶೆಟ್ಟರ್ ಹೊಯ್ಸಳ ದೇವಾಲಯಗಳ ಬಗ್ಗೆ 1992ರಲ್ಲಿ ಬರೆದರು. ಸಳ ಹುಲಿಯನ್ನು ಕೊಲ್ಲುವ ಲಾಂಛನ ವ್ಯಾಘ್ರಧ್ವಜದ ಚೋಳರ ಮೇಲಿನ ಜಯದ ಸಂಕೇತವೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಇದು ಜನಪ್ರಿಯವಾದ ವ್ಯಾಖ್ಯಾನ. ಶಾಸನಗಳು ಹೇಳುವುದು ಸಳ ಮತ್ತು ಮುನಿಯ ಕಥೆಯನ್ನಷ್ಟೇ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಗೆದ್ದ ಮಾತು ಕನ್ನಡ ಶಾಸನಗಳಲ್ಲಿದೆ, ಕಾಪಾಡಿದ ಮಾತು ತಮಿಳು ಶಾಸನದಲ್ಲಿದೆ. ಎರಡೂ ಭಾಷೆಗಳ ಹೊಯ್ಸಳ–ಚೋಳ ಶಾಸನಗಳು ಅನುವಾದದೊಡನೆ ಒಂದೇ ಸಂಪುಟದಲ್ಲಿ ಕನ್ನಡ ಓದುಗರ ಕೈಗೆ ಸಿಗಬೇಕು. ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕಾದ ಕೆಲಸವಿದು.