ಮನೇಲಿ ಬೇಬಿ ಸಿಟ್ಟಿಂಗ್ ಶುರು ಮಾಡೋಕೆ ಲೈಸೆನ್ಸ್ ಬೇಕಾ? ಯಾವ ಕಚೇರಿ, ಯಾವ ಕಾನೂನು - ಇಲ್ಲಿದೆ ಮಾಹಿತಿ

ವೀರನಹೊಸಹಳ್ಳಿ (ಹುಣಸೂರು): ದಸರಾ ಆನೆಗಳ ಗಜಪಯಣ ಹೊರಡೋ ಜಾಗ ಅಂದ್ರೆ ವೀರನಹೊಸಹಳ್ಳಿ ಎಲ್ಲರಿಗೂ ಗೊತ್ತು. ವರ್ಷದ ಉಳಿದ ದಿನಗಳಲ್ಲಿ ಬೆಳ್ಳಂಬೆಳಿಗ್ಗೆ ಈ ಕಡೆಯ ಊರು, ಹಾಡಿಗಳಿಂದ ಹೊರಡೋದು ಕೊಡಗಿನ ಕಾಫಿ ತೋಟಕ್ಕೆ ಹೋಗೋ ಕೂಲಿ ಜೀಪುಗಳು. ಆಗಸ್ಟ್, ಸೆಪ್ಟೆಂಬರ್ ಬಂತು ಅಂದ್ರೆ ಹೊಗೆಸೊಪ್ಪಿನ ಕೆಲಸ. ಸೊಪ್ಪು ಮುರಿಯೋದು, ಕಟ್ಟೋದು, ಬ್ಯಾರನ್‌ಗೆ ಏರಿಸೋದು, ಎಲ್ಲದಕ್ಕೂ ಹೆಂಗಸರು ಬೇಕು. ಶಾಲೆಗೆ ಹೋಗೋ ಮಕ್ಕಳು ಶಾಲೆಗೆ ಹೋಗ್ತಾರೆ. ಇನ್ನೂ ಸರಿಯಾಗಿ ನಡೆಯೋಕೆ ಬಾರದ ಮಗುವನ್ನು ಯಾರ ಹತ್ರ ಬಿಡೋದು? ಅಜ್ಜಿ ಇದ್ದರೆ ಅಜ್ಜಿ ಹತ್ರ. ಇಲ್ಲ ಅಂದ್ರೆ ಪಕ್ಕದ ಮನೆಯವರಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟು ಬಿಡ್ತಾರೆ. ಎರಡೂ ಇಲ್ಲದವರು ಮಗುವನ್ನ ಸೊಂಟದಲ್ಲಿ ಎತ್ಕೊಂಡೇ ಕೆಲಸಕ್ಕೆ ಹೋಗ್ತಾರೆ. ಬೆಂಕಿ ಉರಿಯೋ ಬ್ಯಾರನ್ ಪಕ್ಕ ಗೋಣಿಚೀಲದ ಮೇಲೆ ಮಗು ಮಲಗಿರೋದನ್ನ ಈ ಭಾಗದಲ್ಲಿ ನೋಡದವರು ಕಮ್ಮಿ.

ನಮ್ಮ ಅತ್ತಿಗೆ ಈಗ ಮೂರು ಮಕ್ಕಳನ್ನ ಹಾಗೆ ನೋಡ್ಕೋತಾರೆ. ಇನ್ನೂ ನಾಲ್ಕೈದು ಮಕ್ಕಳನ್ನ ಸೇರಿಸಿ, ಬೋರ್ಡ್ ಹಾಕಿ ಮಾಡೋಣ ಅಂತ ಅವರ ಆಸೆ. 'ನೀನು ನ್ಯೂಸ್‌ನೋನಲ್ವೇನಪ್ಪ, ಲೈಸೆನ್ಸ್ ಏನಾರ ಬೇಕಾ ವಿಚಾರಿಸ್ಕಂಡು ಬಾ' ಅಂದ್ರು. ಮೂರು ಕಚೇರಿ ಸುತ್ತಿದೆ. ಒಂದರಲ್ಲಿ 'ನಮ್ಮದಲ್ಲ' ಅಂದ್ರು, ಇನ್ನೊಂದರಲ್ಲಿ ಮೊದಲನೆಯದಕ್ಕೇ ಹೋಗಿ ಅಂದ್ರು, ಮೂರನೆಯದರಲ್ಲಿ 'ಸ್ಕೂಲಾ?' ಅಂತ ಕೇಳಿದ್ರು. ಆಮೇಲೆ ಕಾಯ್ದೆಗಳನ್ನೇ ಓದಿದೆ. ತಿಳಿದಿದ್ದು ಇಷ್ಟು.

ನೇರ ಉತ್ತರ

ದುಡ್ಡು ಪಡೆದು ಬೇರೆಯವರ ಮಕ್ಕಳನ್ನ ಹಗಲು ಹೊತ್ತು ಮನೆಯಲ್ಲಿ ನೋಡಿಕೊಳ್ಳುವವರು ಕಡ್ಡಾಯವಾಗಿ ಹೆಸರು ನೋಂದಾಯಿಸಬೇಕು ಅಂತ ಹೇಳುವ ಪ್ರತ್ಯೇಕ ಕಾಯ್ದೆ ಕೇಂದ್ರದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಹೊಲಿಗೆ ಅಂಗಡಿ, ಹೋಟೆಲ್ ಇಡುವವರು ಪಂಚಾಯಿತಿಯಿಂದಲೋ ಪುರಸಭೆಯಿಂದಲೋ ಪರವಾನಗಿ ತಗೋತಾರಲ್ಲ, ಬೋರ್ಡ್ ಹಾಕಿ ನಡೆಸೋದಾದರೆ ಅದನ್ನೇ ಕೇಳಿ ಪಡೆದುಕೊಳ್ಳೋದು ಒಳ್ಳೇದು. ಆದರೆ ಅದು ವ್ಯಾಪಾರದ ಕಾಗದ ಅಷ್ಟೇ. ಮಗು ಅಲ್ಲಿ ಸುರಕ್ಷಿತವಾಗಿದೆಯಾ ಅಂತ ಅದರ ಮೇಲೆ ಯಾರೂ ನೋಡೋದಿಲ್ಲ.

ನೀವು ಏನು ಮಾಡ್ತೀರಿ ಅನ್ನೋದರ ಮೇಲೆ ಕಾನೂನು ಬದಲಾಗುತ್ತೆ. ಎಲ್‌ಕೆಜಿ, ಯುಕೆಜಿ ಅಂತ ಬೋರ್ಡ್ ಹಾಕಿದ್ರೆ ಅದು ಶಿಕ್ಷಣ ಸಂಸ್ಥೆ ಆಗುತ್ತೆ. ಆಗ 1983ರ ಕರ್ನಾಟಕ ಶಿಕ್ಷಣ ಕಾಯ್ದೆ, ಅಂದ್ರೆ ಬಿಇಒ ಕಚೇರಿ. ಅನಾಥ ಅಥವಾ ರಕ್ಷಣೆ ಬೇಕಾದ ಮಕ್ಕಳನ್ನ ಇರಿಸಿಕೊಂಡು ಸಾಕೋದಾದರೆ 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ. ಮಾಡಿಸದಿದ್ದರೆ 1 ವರ್ಷದವರೆಗೆ ಜೈಲು, ಅಥವಾ ಕನಿಷ್ಠ 1 ಲಕ್ಷ ರೂ. ದಂಡ, ಅಥವಾ ಎರಡೂ. ಸಂಜೆ ತಾಯಿ ಬಂದು ಕರ್ಕೊಂಡು ಹೋಗೋ ಮಗುವಿಗೆ ಇದು ಅನ್ವಯ ಆಗಲ್ಲ.

ನೋಂದಣಿ ಇಲ್ಲ ಅಂದ್ರೆ ಜವಾಬ್ದಾರಿಯೂ ಇಲ್ಲ ಅಂದ್ಕೋಬೇಡಿ. ಅದೇ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಗುವಿನ ಉಸ್ತುವಾರಿ ಹೊತ್ತ ಎಲ್ಲರಿಗೂ ಅನ್ವಯ. ಹೊಡೆದರೆ, ಹಿಂಸೆ ಕೊಟ್ಟರೆ, ಮಗುವಿಗೆ ನೋವಾಗುವಂತೆ ಬೇಕಂತ ನಿರ್ಲಕ್ಷ್ಯ ಮಾಡಿದರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂ. ದಂಡ, ಇಲ್ಲವೇ ಎರಡೂ. ಮಕ್ಕಳನ್ನ ನೋಡಿಕೊಳ್ಳುವ ಸಂಸ್ಥೆ ನಡೆಸುವವರು ಅಥವಾ ಅಲ್ಲಿನ ಸಿಬ್ಬಂದಿ ಹೀಗೆ ಮಾಡಿದ್ರೆ 5 ವರ್ಷದವರೆಗೆ ಕಠಿಣ ಶಿಕ್ಷೆ, 5 ಲಕ್ಷದವರೆಗೆ ದಂಡ. ಲೈಂಗಿಕ ಕಿರುಕುಳದ ಅನುಮಾನ ಬಂದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತೆ. 'ಊರಿನ ಮರ್ಯಾದೆ' ಅಂತ ಮುಚ್ಚಿಡೋದೇ ಅಪರಾಧ.

ಅಂದ್ರೆ ಶುರು ಮಾಡುವಾಗ ಕೇಳೋರು ಯಾರೂ ಇಲ್ಲ, ಅನಾಹುತ ಆದ ಮೇಲೆ ಮಾತ್ರ ಕಾನೂನು ಬರುತ್ತೆ. ಇಂಗ್ಲೆಂಡಿನಲ್ಲಿ ಇದು ಉಲ್ಟಾ. 8 ವರ್ಷದೊಳಗಿನ ಮಕ್ಕಳನ್ನ ದಿನಕ್ಕೆ 2 ಗಂಟೆಗಿಂತ ಹೆಚ್ಚು ದುಡ್ಡಿಗೆ ತನ್ನ ಮನೆಯಲ್ಲಿ ನೋಡಿಕೊಳ್ಳುವವರು ಮೊದಲೇ ಆಫ್‌ಸ್ಟೆಡ್ ಅನ್ನೋ ಸರ್ಕಾರಿ ಸಂಸ್ಥೆಯಲ್ಲೋ ಮಾನ್ಯತೆ ಇರೋ ಏಜೆನ್ಸಿಯಲ್ಲೋ ನೋಂದಣಿ ಆಗಬೇಕು. ಒಬ್ಬರಿಗೆ 8 ವರ್ಷದೊಳಗಿನ 6 ಮಕ್ಕಳಷ್ಟೇ, ಅದರಲ್ಲೂ ತೀರಾ ಚಿಕ್ಕವರು ಸಾಮಾನ್ಯವಾಗಿ ಮೂರೇ. ಅಲ್ಲಿರೋ ನಮ್ಮ ಕಡೆಯವರಿಗೆ ಇದು ಗೊತ್ತಿರುತ್ತೆ.

ಕೆಲಸ ಕೊಡುವವರು ಮಾಡಬೇಕಾದ್ದು

ಗಾರ್ಮೆಂಟ್ಸ್‌ಗೆ, ತೋಟಕ್ಕೆ ಹೋಗೋ ತಾಯಂದಿರು ಇದನ್ನ ತಿಳ್ಕೊಂಡಿರಬೇಕು. 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದರೆ 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇಡಬೇಕು ಅಂತಿತ್ತು. 1951ರ ಪ್ಲಾಂಟೇಷನ್ ಕಾಯ್ದೆ ತೋಟದ ಮಾಲೀಕರಿಗೂ ಇಂಥದ್ದೇ ಹೊಣೆ ಹಾಕಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಆಯ್ತು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನ ನೋಡಿ ಬರಬಹುದು ಅಂತಲೂ ಬಂತು. 2025ರ ನವೆಂಬರ್ 21ರಿಂದ ಈ ಹಳೇ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಅವುಗಳಲ್ಲಿ 50 ಜನರ ಲೆಕ್ಕವೇ ಮುಖ್ಯ.

ಆದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ, ಕೆ.ಆರ್.ನಗರದ ಹೊಗೆಸೊಪ್ಪಿನ ಜಮೀನು ಕಾರ್ಖಾನೆಯೂ ಅಲ್ಲ, ತೋಟವೂ ಅಲ್ಲ. ಎಂಟು ಹತ್ತು ಆಳು ಇಟ್ಕೊಂಡು ಕೆಲಸ ಮಾಡಿಸೋ ರೈತನಿಗೆ ಈ ಯಾವ ನಿಯಮವೂ ತಾಗಲ್ಲ. ಅವನ ಹೆಂಡತಿ ಮಗುವೂ ಅಲ್ಲೇ ಗೋಣಿಚೀಲದ ಮೇಲೆ ಇರುತ್ತೆ.

ಸರ್ಕಾರದ ಕಡೆಯಿಂದ ಏನಿದೆ

ಅಂಗನವಾಡಿ ಇದೆ. ರಾಜ್ಯದ ಮೊದಲ ಐಸಿಡಿಎಸ್ ಯೋಜನೆ 1975ರಲ್ಲಿ ಶುರುವಾಗಿದ್ದು ನಮ್ಮ ಜಿಲ್ಲೆಯ ತಿ.ನರಸೀಪುರದಲ್ಲೇ. ಆದರೆ ಅಂಗನವಾಡಿಯಲ್ಲಿ ದಿನವಿಡೀ ಕೂರೋದು 3ರಿಂದ 6 ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರದ ಪ್ಯಾಕೆಟ್ ಮನೆಗೆ ಹೋಗುತ್ತೆ, ಮಗುವನ್ನ ಬಿಟ್ಟು ಬರೋಕೆ ಆಗಲ್ಲ. ಕೊಡಗಿನಿಂದ ಜೀಪು ವಾಪಸ್ ಬರೋ ಹೊತ್ತಿಗೆ ಅಂಗನವಾಡಿ ಬಾಗಿಲು ಹಾಕಿರುತ್ತೆ.

ಈ 3 ವರ್ಷದೊಳಗಿನ ಮಕ್ಕಳಿಗಾಗಿಯೇ 2023-24ರ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಘೋಷಿಸಿದರು. ಪಂಚಾಯಿತಿ ನಡೆಸುತ್ತೆ, ಊರಿನ ನರೇಗಾ ಜಾಬ್ ಕಾರ್ಡ್ ಇರೋ ಹೆಂಗಸರಿಗೇ ತರಬೇತಿ ಕೊಟ್ಟು ಕೂಲಿ ಲೆಕ್ಕದಲ್ಲಿ ಕೆಲಸ ಕೊಡುತ್ತೆ. ನಮ್ಮ ಅತ್ತಿಗೆಯಂಥವರಿಗೆ ಸಂಬಳ, ಕಾಗದ ಎರಡೂ ಸಿಗೋ ದಾರಿ ಇದೊಂದೇ ಅಂತ ನನಗನ್ನಿಸುತ್ತೆ. 2025ರ ಡಿಸೆಂಬರ್‌ನಲ್ಲಿ ನರೇಗಾ ಬದಲಿಗೆ ಸಂಸತ್ತು ಹೊಸ ಕಾಯ್ದೆ ಪಾಸು ಮಾಡಿರೋದರಿಂದ ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯಾ, ಆರೈಕೆದಾರರನ್ನ ತಗೋತಿದ್ದಾರಾ ಅಂತ ಪಿಡಿಒ ಹತ್ರ ನೇರವಾಗಿ ಕೇಳಿ. ಕೇಂದ್ರದ 'ಪಾಲನಾ' ಯೋಜನೆ ಬೇರೆ. ಅದು 6 ತಿಂಗಳಿಂದ 6 ವರ್ಷದವರಿಗೆ, ಮಹಿಳಾ ಮತ್ತು ಮಕ್ಕಳ ಇಲಾಖೆಯದು. ಇದಕ್ಕೆ ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಹೋಗಬೇಕು.

ಬೋರ್ಡ್ ಹಾಕೋ ಮುಂಚೆ

ಕಾಯ್ದೆ ಇಲ್ಲದಿದ್ದರೂ ಅಳತೆಗೋಲು ಒಂದಿದೆ. ಉದ್ಯೋಗ ಸ್ಥಳದ ಶಿಶುಪಾಲನಾ ಕೇಂದ್ರಗಳಿಗೆ ಅಂತ 2018ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯ ಮಾರ್ಗಸೂಚಿ ಹೊರಡಿಸಿತ್ತು. 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಜೊತೆಗೆ ಒಬ್ಬ ಸಹಾಯಕಿ. 3ರಿಂದ 6 ವರ್ಷದವರಾದರೆ 20ಕ್ಕೆ ಒಬ್ಬರು, ಜೊತೆಗೆ ಸಹಾಯಕಿ. ಒಂದು ಮಗುವಿಗೆ ಕನಿಷ್ಠ 10ರಿಂದ 12 ಚದರ ಅಡಿ ಜಾಗ. ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವಾಗ 10 ಅನ್ನೋದು ನನ್ನ ಪ್ರಕಾರ ತುಂಬಾ ಜಾಸ್ತಿ. ಒಂದು ಮಗುವಿನ ಬಟ್ಟೆ ಬದಲಾಯಿಸುವಷ್ಟರಲ್ಲಿ ಇನ್ನೊಂದು ಬಾಗಿಲು ದಾಟಿರುತ್ತೆ. ಈ ಕಡೆ ಮನೆ ಹಿಂದೆ ಕೃಷಿ ಹೊಂಡ ಇರುತ್ತೆ, ಸಂಪಿಗೆ ಮುಚ್ಚಳ ಇರಲ್ಲ, ಕಾಡಂಚಿನ ಮನೆಗೆ ಗೇಟೂ ಇರಲ್ಲ.

ಒಂದು ನೋಟ್‌ಬುಕ್ ಇಡಿ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆ ತಾಯಿ ಇಬ್ಬರ ಫೋನ್ ನಂಬರ್, ಕರ್ಕೊಂಡು ಹೋಗೋಕೆ ಯಾರಿಗೆ ಮಾತ್ರ ಕೊಡಬೇಕು ಅನ್ನೋದು, ಯಾವ ಔಷಧಿ ಆಗಲ್ಲ, ಲಸಿಕೆ ಕಾರ್ಡ್‌ನ ಜೆರಾಕ್ಸ್. ಬಂದ ಹೊತ್ತು, ಹೋದ ಹೊತ್ತು ಬರೆದು ಸಹಿ ಹಾಕಿಸಿ. ಊರಿನವರೇ ಅಲ್ವಾ, ಸಹಿ ಯಾಕೆ ಅಂತಾರೆ. ಆದ್ರೂ ಹಾಕಿಸಿ. ಪಂಚಾಯಿತಿಗೂ ಅಂಗನವಾಡಿ ಕಾರ್ಯಕರ್ತೆಗೂ ಒಂದು ಅರ್ಜಿ ಬರೆದು ಸ್ವೀಕೃತಿ ಸೀಲ್ ಹಾಕಿಸಿಕೊಂಡರೆ ನೀವು ಕದ್ದುಮುಚ್ಚಿ ನಡೆಸ್ತಿಲ್ಲ ಅನ್ನೋದಕ್ಕೆ ದಾಖಲೆ ಇರುತ್ತೆ.

ಮಗು ಬಿಡುವವರು ಕೂಡ ಹೇಳದೆ ಮಧ್ಯಾಹ್ನ ಒಂದು ಸಲ ಹೋಗಿ ನೋಡಿ. ಬಾಗಿಲು ತೆಗೆಯೋಕೆ ಹಿಂದೆ ಮುಂದೆ ನೋಡೋ ಮನೆಯಲ್ಲಿ ಮಗು ಬಿಡಬೇಡಿ. ತೊಂದರೆ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಉಚಿತವಾಗಿ ಕರೆ ಮಾಡಬಹುದು.

ಅತ್ತಿಗೆ ಇದನ್ನೆಲ್ಲ ಕೇಳಿಸ್ಕೊಂಡು ಐದು ಮಕ್ಕಳು ಸಾಕು ಅಂದಿದ್ದಾರೆ. ಸಂಪಿಗೆ ಮುಚ್ಚಳ ಹಾಕಿಸಿ ಆಗಿದೆ, ಪಂಚಾಯಿತಿಗೆ ಕೊಡೋ ಅರ್ಜಿ ನಾನೇ ಬರೆದುಕೊಟ್ಟಿದ್ದೀನಿ.